ರೂಪ, ಸ್ವರೂಪ ಮತ್ತು ಯುವಜನರ ಆತ್ಮವಿಶ್ವಾಸ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಯುವಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಜಿನಬಿಂಬದ ಸನ್ನಿಧಿಯಲ್ಲಿ ಇರಿಸುವ ಅಷ್ಟಮಂಗಲ ದ್ರವ್ಯಗಳನ್ನು ತಾವೆಲ್ಲರೂ ಬಲ್ಲಿರಿ. ಭೃಂಗಾರ, ಕಲಶ, ದರ್ಪಣ, ಚಾಮರ, ಧ್ವಜ, ವ್ಯಜನ, ಛತ್ರ, ಸುಪ್ರತಿಷ್ಠ ಎಂಬ ಈ ಎಂಟರಲ್ಲಿ ಒಂದು ದರ್ಪಣ, ಎಂದರೆ ಕನ್ನಡಿ. ದೇಹದ ಮೋಹವನ್ನು ಬಿಡಬೇಕೆಂದು ಬೋಧಿಸುವ ಧರ್ಮದ ಗರ್ಭಗೃಹದಲ್ಲಿ ಕನ್ನಡಿಗೆ ಮಂಗಲದ್ರವ್ಯದ ಸ್ಥಾನ ದೊರೆತಿರುವುದು ವಿಚಾರ ಮಾಡತಕ್ಕ ಸಂಗತಿಯಾಗಿದೆ. ಹಿರಿಯರು ಕನ್ನಡಿಯನ್ನು ನಿಂದಿಸಲಿಲ್ಲ. ಇದ್ದುದನ್ನು ಇದ್ದಂತೆಯೇ ತೋರಿಸುವ ಗುಣಕ್ಕಾಗಿ ಅದನ್ನು ಗೌರವಿಸಿದರು.

ಈ ಮಹೋತ್ಸವದಲ್ಲಿಯೇ ಇನ್ನೊಂದು ದೃಶ್ಯವನ್ನು ಶ್ರಾವಕರು ಕಣ್ಣಾರೆ ಕಾಣುತ್ತಾರೆ. ಜನ್ಮಕಲ್ಯಾಣದ ದಿನ ಜನ್ಮಾಭಿಷೇಕವಾದ ಬಳಿಕ ಬಾಲಜಿನನಿಗೆ ವಸ್ತ್ರಾಭರಣಗಳನ್ನು ತೊಡಿಸಿ ಹರ್ಷಪಡುತ್ತಾರೆ. ದೀಕ್ಷಾಕಲ್ಯಾಣದ ದಿನ ಅವೇ ಆಭರಣಗಳನ್ನು ಒಂದೊಂದಾಗಿ ತೆಗೆದಿರಿಸುತ್ತಾರೆ. ತೊಡಿಸಿದಾಗ ಭಗವಂತನ ಮಹಿಮೆ ಹೆಚ್ಚಲಿಲ್ಲ. ತೆಗೆದಾಗ ಕುಂದಲೂ ಇಲ್ಲ. ಅಲಂಕಾರಕ್ಕೆ ಒಂದು ಕಾಲವುಂಟು, ಅದನ್ನು ಮೀರಿದ ಸ್ವರೂಪವೊಂದುಂಟು ಎಂಬ ಪಾಠವನ್ನು ಎರಡೇ ದಿನಗಳಲ್ಲಿ ಕಲಿಸುವ ಪಾಠಶಾಲೆ ಇದು. ಇಂದಿನ ಯುವಜನರ ನಿತ್ಯಜೀವನಕ್ಕೆ ಈ ಪಾಠ ಹೇಗೆ ಅನ್ವಯಿಸುತ್ತದೆಂಬುದೇ ಈ ಉಪನ್ಯಾಸದ ವಿಷಯ.

ಕಿಸೆಯೊಳಗಿನ ಕನ್ನಡಿ

ಹಿಂದಿನ ಕಾಲದಲ್ಲಿ ಮನೆಗೊಂದು ಕನ್ನಡಿ ಇರುತ್ತಿತ್ತು. ಮುಂಜಾನೆ ಒಮ್ಮೆ ತಲೆ ಬಾಚಿಕೊಂಡರೆ ಆ ದಿನದ ಕನ್ನಡಿಯ ಕೆಲಸ ಮುಗಿಯುತ್ತಿತ್ತು. ಕೊಟ್ಟೂರಿನ ರಥೋತ್ಸವಕ್ಕೋ ಮೈಲಾರದ ಜಾತ್ರೆಗೋ ಹೋದಾಗ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿದ ಒಂದು ಭಾವಚಿತ್ರ ಹತ್ತು ವರ್ಷ ಗೋಡೆಯ ಮೇಲೆ ತೂಗುತ್ತಿತ್ತು. ಇಂದು ಪ್ರತಿಯೊಬ್ಬ ತರುಣನ ಕಿಸೆಯಲ್ಲಿಯೂ ಕನ್ನಡಿಯೂ ಛಾಯಾಚಿತ್ರದ ಅಂಗಡಿಯೂ ಸೇರಿ ಕುಳಿತಿವೆ. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಯಾವುದೇ ಬಸ್ ನಿಲ್ದಾಣದಲ್ಲಿ ಕಾಲೇಜು ಬಿಡುವ ಹೊತ್ತಿಗೆ ನಿಂತು ನೋಡಿದರೆ ಸಾಕು. ಮೊಬೈಲನ್ನು ಮುಖದೆದುರು ಹಿಡಿದು, ತಾನೇ ತೆಗೆದ ತನ್ನ ಚಿತ್ರವನ್ನು ತಾನೇ ಅಳಿಸಿ, ಮತ್ತೆ ತೆಗೆಯುವ ಮಕ್ಕಳು ಕಾಣುತ್ತಾರೆ. ಹತ್ತು ಚಿತ್ರ ಅಳಿಸಿದ ಮೇಲೆ ಹನ್ನೊಂದನೆಯದನ್ನೂ ಯಂತ್ರದಿಂದ ಬಿಳುಪು ಮಾಡಿಸಿ, ಮೊಡವೆಯನ್ನು ಒರೆಸಿಸಿ, ಆ ಬಳಿಕ ಲೋಕಕ್ಕೆ ತೋರಿಸುತ್ತಾರೆ. ಎಷ್ಟು ಜನ ಮೆಚ್ಚಿದರೆಂದು ರಾತ್ರಿಯೆಲ್ಲ ಎಣಿಸುತ್ತಾರೆ.

ಇದನ್ನು ಕಂಡು ಗದರಿಸುವ ಹಿರಿಯರು ಮೊದಲು ಒಂದು ವಿಷಯವನ್ನು ತಿಳಿಯುವುದು ಒಳ್ಳೆಯದು. ಬಸದಿಯ ದರ್ಪಣ ಇದ್ದುದನ್ನು ಇದ್ದಂತೆ ತೋರಿಸುತ್ತದೆ; ಕಿಸೆಯ ಕನ್ನಡಿ ಹಾಗೆ ತೋರಿಸುವುದಿಲ್ಲ. ಸಮೀಪದ ವಸ್ತು ದೊಡ್ಡದಾಗಿ, ದೂರದ ವಸ್ತು ಚಿಕ್ಕದಾಗಿ ಕಾಣುವುದು ದೃಷ್ಟಿಯ ನಿಯಮ. ಕೈಯಳತೆಯಲ್ಲಿ ಹಿಡಿದ ಮೊಬೈಲಿಗೆ ಮೂಗು ಸಮೀಪ, ಕಿವಿ ದೂರ. ಒಂದಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಇಲ್ಲದ ಅಗಲಕ್ಕಾಗಿ ಮಗು ಅಳುತ್ತದೆ. ತೂಕದ ಕಲ್ಲೇ ತಪ್ಪಿದ್ದರೆ ಧಾನ್ಯವನ್ನು ದೂಷಿಸಿ ಪ್ರಯೋಜನವೇನು?

ಇನ್ನೊಂದು ಪ್ರಯೋಗವೂ ತಿಳಿಯತಕ್ಕದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು, ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರವಿದ್ದ ಅಂಗಿಯನ್ನು ವಿದ್ಯಾರ್ಥಿಯೊಬ್ಬನಿಗೆ ತೊಡಿಸಿ, ಸಹಪಾಠಿಗಳಿದ್ದ ಕೋಣೆಗೆ ಕಳುಹಿಸಿದರು. ಅರ್ಧದಷ್ಟು ಜನ ತನ್ನ ಅಂಗಿಯನ್ನು ಗಮನಿಸಿರಬೇಕೆಂದು ಹಾಗೆ ಹೋಗಿಬಂದವರು ಊಹಿಸಿದರು. ನಿಜವಾಗಿ ಗಮನಿಸಿದವರು ಸುಮಾರು ನಾಲ್ಕರಲ್ಲಿ ಒಬ್ಬರು ಮಾತ್ರ. ಈ ಫಲಿತಾಂಶ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತರುಣನು ಭಾವಿಸುವ ಹೊತ್ತಿನಲ್ಲಿ ಆ ಎಲ್ಲರೂ ತಂತಮ್ಮನ್ನು ಯಾರು ನೋಡುತ್ತಿದ್ದಾರೆಂಬ ಚಿಂತೆಯಲ್ಲಿಯೇ ಇರುತ್ತಾರೆ.

ಬಣ್ಣದ ವ್ಯಾಪಾರ

ಈ ಸೀಮೆ ಬಿಸಿಲಿನ ಸೀಮೆ. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಸೂರ್ಯನ ಅತಿನೇರಳೆ ಕಿರಣಗಳಿಂದ ದೇಹವನ್ನು ರಕ್ಷಿಸುತ್ತದೆ. ಅದು ಹೆಚ್ಚಿದ್ದರೆ ಮೈ ಕಪ್ಪು, ಕಡಿಮೆಯಿದ್ದರೆ ಬಿಳುಪು. ಹೊಲದಲ್ಲಿ ದುಡಿಯುವವನಿಗೆ ಪ್ರಕೃತಿಯೇ ಹಿಡಿದ ಕೊಡೆಯದು. ಅದನ್ನು ದೋಷವೆಂದು ತಿಳಿದು ಅಳಿಸಲು ಹೊರಡುವುದು, ಮಳೆಗಾಲದಲ್ಲಿ ಮನೆಯ ಹೆಂಚು ಕೀಳಿದಂತೆ.

ಬಿಳುಪಿನ ಆಸೆಯ ಹಿಂದೆ ದೊಡ್ಡ ವ್ಯಾಪಾರವಿದೆ. ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮು ಈ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ನಾಲ್ಕೂವರೆ ದಶಕಗಳ ಕಾಲ ಊರೂರಿನ ಕಿರಾಣಿ ಅಂಗಡಿಗಳಲ್ಲಿ ಮಾರಾಟವಾದ ಮೇಲೆ, 2020ರಲ್ಲಿ, ‘ಫೇರ್’ ಎಂಬ ಮಾತು ಅವಮಾನಕರವೆಂಬ ಕೂಗು ಎದ್ದು, ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ಡಬ್ಬಿಯ ಮೇಲಿನ ಹೆಸರು ಬದಲಾದುದು ಒಳ್ಳೆಯದೇ. ಆದರೆ ಕನ್ಯೆ ನೋಡಲು ಬಂದವರ ಬಾಯಲ್ಲಿರುವ ಮಾತು ಬದಲಾಗಿದೆಯೇ ಎಂಬುದು ಪ್ರತಿಯೊಂದು ಮನೆಯೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ.

ಇದಕ್ಕಿಂತ ಅಪಾಯಕರವಾದ ಮುಲಾಮುಗಳೂ ಉಂಟು. ಸ್ಟೀರಾಯ್ಡ್ ಬೆರೆತವನ್ನು ತಿಂಗಳುಗಟ್ಟಲೆ ಹಚ್ಚಿದರೆ ಮೊದಲು ಮುಖ ತಿಳಿಯಾದಂತೆ ಕಂಡು, ಬಳಿಕ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮೊಡವೆ ಹೆಚ್ಚುತ್ತದೆ, ಹುಡುಗಿಯರ ಮುಖದ ಮೇಲೆ ರೋಮ ಬೆಳೆಯುವುದೂ ಉಂಟು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಪಾದರಸ ಬೆರೆತ ಬಿಳುಪಿನ ಮುಲಾಮುಗಳು ಮೂತ್ರಪಿಂಡವನ್ನೇ ಕೆಡಿಸುತ್ತವೆ. ವರ್ತಕ ಸಮಾಜ ಇಲ್ಲಿ ಕಿವಿಗೊಡಬೇಕು. ಮಗುವಿನ ಕೀಳರಿಮೆಯನ್ನೇ ಬಂಡವಾಳ ಮಾಡಿಕೊಂಡು ಗಳಿಸಿದ ಲಾಭ ನ್ಯಾಯೋಪಾರ್ಜಿತ ದ್ರವ್ಯವಾಗಲಾರದು. ಅಂಥ ದುಡ್ಡಿನಿಂದ ಮಾಡಿಸಿದ ಪೂಜೆಯಲ್ಲಿ ಪೂಜೆಯ ಫಲವನ್ನು ಅರಸುವುದು ಕಷ್ಟ.

ಬಣ್ಣದ ವಿಚಾರದಲ್ಲಿ ಶ್ರಾವಕನ ಕಣ್ಣ ಮುಂದೆಯೇ ಉತ್ತರವಿದೆ. ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಪದ್ಮಪ್ರಭ, ವಾಸುಪೂಜ್ಯರು ಕೆಂಪುವರ್ಣದವರು. ಚಂದ್ರಪ್ರಭ, ಪುಷ್ಪದಂತರು ಬಿಳಿಯ ವರ್ಣದವರು. ಸುಪಾರ್ಶ್ವ, ಪಾರ್ಶ್ವನಾಥರು ಹಸುರುವರ್ಣದವರು. ಮುನಿಸುವ್ರತ, ನೇಮಿನಾಥರು ಶ್ಯಾಮವರ್ಣದವರು. ಉಳಿದ ಹದಿನಾರು ಜನ ಸುವರ್ಣವರ್ಣದವರು. ಶ್ಯಾಮವರ್ಣದ ನೇಮಿನಾಥನಿಗೆ ಯಾವ ಶ್ರಾವಕನೂ ಒಂದು ಅರ್ಘ್ಯ ಕಡಿಮೆ ಮಾಡಿಲ್ಲ. ತುಂಗಭದ್ರೆಯ ದಂಡೆಯ ಕುರುವತ್ತಿಗೆ ಹೋಗಿ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ನೋಡಿದವರು, ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಯ ಕೈಚಳಕಕ್ಕೆ ತಲೆದೂಗುತ್ತಾರೆ. ಆ ಸುಂದರಿಯರೆಲ್ಲ ಕಪ್ಪು ಛಾಯೆಯ ಕಲ್ಲಿನವರು. ಕಲ್ಲಿನಲ್ಲಿ ಮೆಚ್ಚಿದ ಬಣ್ಣವನ್ನು ಮನೆಯ ಮಗಳಲ್ಲಿ ಹಳಿಯುವುದು ಯಾವ ನ್ಯಾಯ?

ನೀರು ಬರೆದ ಕಲೆ

ಈ ಸೀಮೆಯ ಮಕ್ಕಳಿಗೆ ಬಣ್ಣಕ್ಕಿಂತಲೂ ಹೆಚ್ಚು ಸಂಕಟ ಕೊಡುವ ಸಂಗತಿಯೊಂದಿದೆ. ಅದು ಹಲ್ಲಿನ ಕಲೆ. ಕೂಡ್ಲಿಗಿ ತಾಲ್ಲೂಕು ಮೊದಲಾಗಿ ಈ ಭಾಗದ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ತುಂಗಭದ್ರೆಯು ಹೂವಿನಹಡಗಲಿ, ಹರಪನಹಳ್ಳಿ ಸೀಮೆಗಳ ಅಂಚಿನಲ್ಲಿ ಹರಿದರೂ ಒಳನಾಡಿನ ಹಳ್ಳಿಗಳು ಬಹುಕಾಲ ನೆಲದೊಳಗಿನ ನೀರನ್ನೇ ನಂಬಿದವು. ಮಳೆ ಕಡಿಮೆಯಾಗಿ, ಬಾವಿ ಬತ್ತಿ, ಕೊಳವೆ ಆಳಕ್ಕಿಳಿದಷ್ಟೂ, ಗಟ್ಟಿಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಕಲ್ಲಿನೊಳಗಿನ ಫ್ಲೋರೈಡ್ ಆ ನೀರಿನಲ್ಲಿ ಕರಗಿರುತ್ತದೆ. ಒಂದು ಲೀಟರಿಗೆ 1 ಮಿಲಿಗ್ರಾಮಿನೊಳಗಿರುವುದು ಅಪೇಕ್ಷಣೀಯ. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಮ್ ಕಡೆಯ ಮಿತಿ ಎಂದು ಭಾರತೀಯ ಮಾನಕ ಹೇಳುತ್ತದೆ. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಬಳ್ಳಾರಿ ಸೀಮೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು.

ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷ ವಯಸ್ಸಿನೊಳಗೆ, ಮಗು ಇಂಥ ನೀರು ಕುಡಿದರೆ ಹಲ್ಲಿನ ಹೊರಕವಚ ಕೆಡುತ್ತದೆ. ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಬಳಿಕ ಹಳದಿ, ಕಂದು ಪಟ್ಟೆ. ಇದು ಹಲ್ಲುಜ್ಜದ ಸೋಮಾರಿತನದ ಗುರುತಲ್ಲ. ಅಡಿಕೆ ಗುಟ್ಕಾ ಜಗಿದ ಗುರುತೂ ಅಲ್ಲ. ಇದ್ದಿಲು, ಇಟ್ಟಿಗೆಯ ಪುಡಿ ಹಾಕಿ ತಿಕ್ಕಿದರೆ ಕಲೆ ಹೋಗುವುದಿಲ್ಲ; ಕವಚವೇ ಸವೆಯುತ್ತದೆ. ಮಗುವಿನ ಪಾಲಿಗೆ ಇದರಲ್ಲಿ ತಪ್ಪೇನೂ ಇಲ್ಲ. ಬಾಯಾರಿದಾಗ ನೀರು ಕುಡಿದದ್ದಷ್ಟೇ ಅದು ಮಾಡಿದ್ದು.

ಕೊಟ್ಟೂರಿನ ಜವಳಿ ವರ್ತಕನೊಬ್ಬನ ಅಂಗಡಿಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಪ್ರಸಂಗವನ್ನು ಇಲ್ಲಿ ನೆನೆಯುವುದು ಉಚಿತ. ಆತನಿಗೆ ಗಿರಾಕಿಗಳೆದುರು ಬಟ್ಟೆ ಬಿಚ್ಚಿ ತೋರಿಸಲು ಒಬ್ಬ ಹುಡುಗ ಬೇಕಾಗಿದ್ದ. ಕೂಡ್ಲಿಗಿ ಕಡೆಯ ಹಳ್ಳಿಯಿಂದ ಪಿ.ಯು.ಸಿ. ಮುಗಿಸಿದ ಹುಡುಗನೊಬ್ಬ ಬಂದ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ವಿನಯ. ಬಾಗಿಲಲ್ಲಿ ನಿಂತು ಬಾಯ್ತುಂಬ ನಕ್ಕು ನಮಸ್ಕಾರ ಹೇಳಿದ. ವರ್ತಕನ ದೃಷ್ಟಿ ನಮಸ್ಕಾರದ ಮೇಲೆ ನಿಲ್ಲದೆ ಹಲ್ಲುಗಳ ಮೇಲೆ ನಿಂತಿತು. ಮುಂದೆ ಕೂರಿಸಿದರೆ ಗಿರಾಕಿಗಳು ಏನೆಂದಾರು ಎಂಬ ಯೋಚನೆ ಬಂದು, ಹುಡುಗನನ್ನು ಹಿಂದಿನ ಗೋದಾಮಿನಲ್ಲಿ ಗಂಟು ಎಣಿಸಲು ಹಾಕಿದ. ಕಾರಣವನ್ನು ಬಾಯಿಬಿಟ್ಟು ಹೇಳಲಿಲ್ಲ. ಹುಡುಗನಿಗೆ ಅದು ತಿಳಿಯದೆಯೂ ಇರಲಿಲ್ಲ.

ಎರಡು ವರ್ಷ ಕಳೆದವು. ಮದುವೆಯ ಸುಗ್ಗಿಯಲ್ಲಿ ಒಂದು ದಿನ ವರ್ತಕ ಪರಊರಿಗೆ ಹೋಗಿದ್ದಾಗ, ಹರಪನಹಳ್ಳಿ ಕಡೆಯ ದೊಡ್ಡ ಮನೆತನದವರು ಜವಳಿ ತೆಗೆಯಲು ಬಂದರು. ಮುಂದಿನ ಆಳುಗಳು ಸಾಲದೆ ಗೋದಾಮಿನ ಹುಡುಗನೇ ಗಾದಿಯ ಮೇಲೆ ಕೂರಬೇಕಾಯಿತು. ವಧುವಿನ ಅಜ್ಜಿ ಆರಿಸಿದ ಸೀರೆಯೊಂದನ್ನು ಮಡಿಸಿ ಪಕ್ಕಕ್ಕಿಟ್ಟು, ಇದರ ಬಣ್ಣ ನೀರಿಗೆ ಬಿಡುತ್ತದೆ, ಬೇಡವೆಂದು ಹೇಳಿದ. ಆ ಮುದುಕಿ ಆತನ ಹಲ್ಲನ್ನು ನೋಡಲಿಲ್ಲ. ಸಂಜೆಯವರೆಗೂ ಅವನೊಡನೆಯೇ ವ್ಯಾಪಾರ ಮಾಡಿ, ಮರುವಾರ ಮತ್ತೆ ಬಂದಾಗ, ಆ ಸತ್ಯದ ಹುಡುಗನೇ ತೋರಿಸಲಿ ಎಂದು ಪಟ್ಟು ಹಿಡಿದಳು.

ಆ ದಿನ ವರ್ತಕ ಆ ಹುಡುಗನನ್ನು ಕರೆದು ಮಾತನಾಡಿಸಿದ. ಹುಡುಗ ಉತ್ತರ ಹೇಳುವಾಗಲೆಲ್ಲ ಎಡಗೈ ಬಾಯಿಗೆ ಅಡ್ಡ ಬರುತ್ತಿತ್ತು. ಬಂದ ದಿನ ಹೀಗಿರಲಿಲ್ಲವೆಂಬುದು ವರ್ತಕನಿಗೆ ಆಗ ನೆನಪಾಯಿತು.

"ಮಾತಾಡೋವಾಗ ಬಾಯಿಗೆ ಯಾಕಪ್ಪ ಕೈ ಅಡ್ಡ ಹಿಡೀತಿ?" ಎಂದು ಕೇಳಿದ.

ಹುಡುಗ ತಲೆ ತಗ್ಗಿಸಿಯೇ ಹೇಳಿದ: "ನಮ್ಮೂರ ನೀರು ಹಂಗೈತ್ರಿ ಸಾವ್ಕಾರ್ರ. ಊರಾಗ ಎಲ್ಲಾರ ಹಲ್ಲೂ ಹಿಂಗ ಅದಾವು, ಅಲ್ಲಿ ಯಾರೂ ಬಾಯಿ ಮುಚ್ಕೊಳ್ಳಂಗಿಲ್ಲ. ಇಲ್ಲಿ ನೀವು ನನ್ನ ಒಳಗ ಹಾಕಿದ ಮ್ಯಾಲ ಮುಚ್ಕೊಳ್ಳಾಕ ಕಲ್ತೆ."

ಆ ವರ್ತಕ ನಿತ್ಯವೂ ಬಸದಿಗೆ ಹೋಗುವವನು, ಸ್ವಾಧ್ಯಾಯ ಮಾಡುವವನು. ಅಂದು ರಾತ್ರಿ ಆತನಿಗೆ ನಿದ್ರೆ ಬರಲಿಲ್ಲವಂತೆ. ಮರುದಿನವೇ ಹುಡುಗನನ್ನು ಮುಂದಿನ ಗಾದಿಯ ಮೇಲೆ ಕೂರಿಸಿದ. ಆದರೆ ಕೈ ಮಾತ್ರ ಒಮ್ಮೆಗೇ ಕೆಳಗಿಳಿಯಲಿಲ್ಲ. ಒಂದು ನೋಟ ಒಂದು ಕ್ಷಣದಲ್ಲಿ ಮುಚ್ಚಿಸಿದ ಬಾಯನ್ನು ತೆರೆಯಿಸಲು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು. ಇಂದಿಗೂ ಹೊಸ ಗಿರಾಕಿ ಬಂದಾಗ ಆ ಎಡಗೈ ಅರ್ಧಕ್ಕೆ ಎದ್ದು ನಿಲ್ಲುವುದುಂಟು. ಈ ಪ್ರಸಂಗದಲ್ಲಿ ಕಲೆ ಯಾವುದು, ಯಾರಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಸ್ತ್ರದ ತಕ್ಕಡಿ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೇಳಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸುಗಳ ಮದದೊಡನೆ ಎಂಟನೆಯದು ವಪು, ಎಂದರೆ ಶರೀರದ ಮದ. ತನ್ನ ರೂಪವನ್ನು ಕಂಡು ಬೀಗುವುದು ಮದವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ತನ್ನ ರೂಪವನ್ನು ಕಂಡು ಹೇಸುವುದೂ ಅದೇ ನಾಣ್ಯದ ಇನ್ನೊಂದು ಮುಖವೆಂಬುದನ್ನು ಯುವಜನರು ಅರಿಯಬೇಕು. ಬೀಗುವವನ ದೃಷ್ಟಿಯೂ ಶರೀರದಲ್ಲಿಯೇ ನೆಟ್ಟಿದೆ. ಕುಗ್ಗುವವನ ದೃಷ್ಟಿಯೂ ಅಲ್ಲಿಯೇ ನೆಟ್ಟಿದೆ. ಇಬ್ಬರೂ ತಮ್ಮ ಬೆಲೆಯನ್ನು ಚರ್ಮದ ಮೇಲೆ ಬರೆದುಕೊಂಡವರೇ. ಆತ್ಮವಿಶ್ವಾಸವೆಂಬ ಪದದಲ್ಲಿರುವುದು ಆತ್ಮ. ರೂಪದ ಮೇಲಿನ ನಂಬಿಕೆಗೆ ಆ ಹೆಸರು ಸಲ್ಲದು.

ಅದೇ ಗ್ರಂಥದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾಗಿ ನಿರ್ವಿಚಿಕಿತ್ಸೆಯನ್ನು ವಿವರಿಸಿದ್ದಾರೆ. ಸ್ವಭಾವದಿಂದಲೇ ಅಶುಚಿಯಾದ ಶರೀರವನ್ನು ನೋಡಿ ಹೇಸದೆ, ಅದರಲ್ಲಿ ನೆಲೆಸಿದ ಗುಣವನ್ನು ಪ್ರೀತಿಸುವುದೇ ಅದರ ಲಕ್ಷಣ. ಇದಕ್ಕೆ ಉದ್ದಾಯನ ಮಹಾರಾಜನೇ ಉದಾಹರಣೆ. ರೋಗಿಯಾದ ಮುನಿಯ ವೇಷದಲ್ಲಿ ದೇವನೊಬ್ಬ ಪರೀಕ್ಷಿಸಲು ಬಂದಾಗ ಆ ರಾಜ ಕಿಂಚಿತ್ತೂ ಹೇಸದೆ ತನ್ನ ಕೈಯಿಂದಲೇ ಸೇವೆ ಮಾಡಿದ. ಯುವಕನಿಗೆ ಶರೀರದ ಮದವೂ ಬೇಡ, ಕುಗ್ಗೂ ಬೇಡ ಎಂದು ಹೇಳುವುದು ಅರ್ಧ ಧರ್ಮ. ಆತನ ಸುತ್ತಲಿನ ಹಿರಿಯರು ನಿರ್ವಿಚಿಕಿತ್ಸೆಯನ್ನು ಆಚರಿಸಿದಾಗ ಮಾತ್ರ ಅದು ಪೂರ್ಣವಾಗುತ್ತದೆ. ಕನ್ನಡಿಯಲ್ಲಿ ಮಗು ಕಾಣುವುದು ಹೆಚ್ಚಿನ ಪಾಲು ಹಿರಿಯರ ಕಣ್ಣನ್ನೇ.

ಕನ್ನಡದ ಪ್ರಾಚೀನ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆ ಬರುತ್ತದೆ. ಆತನ ರೂಪವನ್ನು ದೇವಲೋಕದಲ್ಲಿಯೇ ಹೊಗಳಿದರು. ಅದನ್ನು ಕಾಣಲು ದೇವತೆಗಳು ಇಳಿದು ಬಂದರು. ಅಲಂಕಾರವಿಲ್ಲದ ವೇಳೆಯಲ್ಲಿ ಆತನನ್ನು ಕಂಡು ಬೆರಗಾದರು. ಚಕ್ರವರ್ತಿಯಾದರೋ, ಸಕಲಾಭರಣಗಳನ್ನು ತೊಟ್ಟ ಮೇಲೆ ನೋಡಬೇಕೆಂದು ಹೇಳಿ, ಶೃಂಗರಿಸಿಕೊಂಡು ಸಭೆಯಲ್ಲಿ ಕುಳಿತ. ಆಗ ನೋಡಿದ ದೇವತೆಗಳು, ಮೊದಲಿನ ರೂಪ ಈಗಿಲ್ಲ, ಅಷ್ಟರಲ್ಲಿಯೇ ಕುಂದಿತೆಂದರು. ರೂಪ ಕ್ಷಣಕ್ಷಣಕ್ಕೂ ಜಾರುವುದೆಂಬುದನ್ನರಿತ ಚಕ್ರವರ್ತಿ ವೈರಾಗ್ಯ ತಾಳಿದ. ಇಂದಿನ ತರುಣರಿಗೆ ಈ ಕಥೆಯಲ್ಲಿ ವೈರಾಗ್ಯಕ್ಕೆ ಮೊದಲೇ ದೊರೆಯುವ ಪಾಠವೊಂದಿದೆ. ಯಾರಿಗೂ ತೋರಿಸಬೇಕೆಂಬ ಎಣಿಕೆಯಿಲ್ಲದೆ ಇದ್ದ ಗಳಿಗೆಯಲ್ಲಿಯೇ ಆತ ಅತ್ಯಂತ ಸುಂದರನಾಗಿದ್ದ.

ಕನ್ನಡಿಯ ಮುಂದಿನ ಹತ್ತು ನಿಮಿಷ

ಕೂಡ್ಲಿಗಿ ಪಟ್ಟಣದಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನಿರಿಸಿದ ಹುತಾತ್ಮರ ಸ್ಮಾರಕವಿದೆ. ಅದರ ಮುಂದೆ ನಿತ್ಯವೂ ಹಾದುಹೋಗುವ ವಿದ್ಯಾರ್ಥಿಗಳಿಗೆ ಗಾಂಧೀಜಿ ಎಂದರೆ ಮೊಣಕಾಲ ಮೇಲಿನ ಪಂಚೆ, ದುಂಡು ಕನ್ನಡಕದ ಚಿತ್ರ. ಅವರೂ ಒಮ್ಮೆ ಕನ್ನಡಿಯ ಮುಂದೆ ನಿಂತು ಹೊತ್ತು ಕಳೆದ ತರುಣರಾಗಿದ್ದರು. 1888ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಲಂಡನ್ನಿಗೆ ಹೋದ ಅವರು, ಆಂಗ್ಲ ಸಭ್ಯರಂತೆ ಕಾಣಬೇಕೆಂಬ ಆಸೆಯಿಂದ ಬೆಲೆಬಾಳುವ ಸೂಟು ಹೊಲಿಸಿದರು, ಎತ್ತರದ ಹ್ಯಾಟು ಕೊಂಡರು, ನೃತ್ಯದ ತರಗತಿಗೆ ಮೂರು ಪೌಂಡು ಕಟ್ಟಿದರು, ಪಿಟೀಲನ್ನೂ ಕೊಂಡರು. ಟೈ ಕಟ್ಟಿಕೊಳ್ಳಲು, ಕೂದಲು ತಿದ್ದಿಕೊಳ್ಳಲು ದೊಡ್ಡ ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ ಹಾಳು ಮಾಡುತ್ತಿದ್ದುದನ್ನು ಆತ್ಮಕಥೆಯಲ್ಲಿ ಅವರೇ ಸಂಕೋಚವಿಲ್ಲದೆ ಬರೆದುಕೊಂಡಿದ್ದಾರೆ. ಈ ಹುಚ್ಚು ಸುಮಾರು ಮೂರು ತಿಂಗಳಿತ್ತು.

ಅಷ್ಟೆಲ್ಲ ವೇಷದಿಂದ ಧೈರ್ಯ ಬಂದಿತೇ? ಬರಲಿಲ್ಲ. ಬ್ಯಾರಿಸ್ಟರಾಗಿ 1891ರಲ್ಲಿ ಮರಳಿದ ಬಳಿಕ ಮುಂಬಯಿಯ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ, ತಲೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳಲಾರದೆ ಕುಳಿತುಬಿಟ್ಟರು. ಪಡೆದಿದ್ದ ಮೂವತ್ತು ರೂಪಾಯಿ ಶುಲ್ಕವನ್ನು ಬಿಟ್ಟುಕೊಟ್ಟು ಹೊರಬಂದರು. ಅದೇ ವರ್ಷ ಮುಂಬಯಿಯಲ್ಲಿ ಅವರಿಗೆ ಪರಿಚಯವಾದವರು ಶ್ರೀಮದ್ ರಾಜಚಂದ್ರರು. ವಜ್ರ ಮುತ್ತುಗಳ ವ್ಯಾಪಾರಿಯಾದ ಆ ಜೈನ ತರುಣ, ವ್ಯವಹಾರದ ಮಾತು ಮುಗಿದೊಡನೆ ಗಾದಿಯ ಮೇಲೆಯೇ ಧರ್ಮಗ್ರಂಥವನ್ನು ತೆರೆಯುತ್ತಿದ್ದರು. ರತ್ನದ ಬೆಲೆ ಕಟ್ಟಬಲ್ಲವನಾದರೂ ತನ್ನ ಬೆಲೆಯನ್ನು ರತ್ನದಿಂದ ಕಟ್ಟಿಕೊಳ್ಳದ ಆ ವ್ಯಕ್ತಿತ್ವ ಗಾಂಧೀಜಿಯವರ ಮೇಲೆ ಗಾಢವಾದ ಪ್ರಭಾವ ಬೀರಿತು. ಮುಂದೆ 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅಂಗಿ ಟೋಪಿಗಳನ್ನು ಬಿಟ್ಟು ತುಂಡುಪಂಚೆಗೆ ಇಳಿದ ಅವರು, 1931ರಲ್ಲಿ ಅದೇ ಲಂಡನ್ನಿನ ಅರಮನೆಗೆ ಅದೇ ಉಡುಪಿನಲ್ಲಿ ಹೋಗಿ ಚಕ್ರವರ್ತಿಯನ್ನು ಕಂಡರು. ಸೂಟು ತೊಟ್ಟಾಗ ನಡುಗಿದ ಕಾಲು ಪಂಚೆಯುಟ್ಟಾಗ ನಡುಗಲಿಲ್ಲ. ನಡುವಿನ ವರ್ಷಗಳಲ್ಲಿ ಅವರು ಕಂಡುಕೊಂಡದ್ದು ಮಾಡಲು ತಕ್ಕ ಕೆಲಸ. ಕೆಲಸ ದೊಡ್ಡದಾದಾಗ ತನ್ನನ್ನು ಯಾರು ಹೇಗೆ ನೋಡುತ್ತಾರೆಂಬ ಚಿಂತೆ ತಾನಾಗಿ ಚಿಕ್ಕದಾಗುತ್ತದೆ.

ದೂರದ ಉದಾಹರಣೆ ಬೇಡವೆನ್ನುವವರು ಹೊಸಪೇಟೆಯ ದಾರಿಯಲ್ಲಿರುವ ಮರಿಯಮ್ಮನಹಳ್ಳಿಯನ್ನು ನೆನೆಯಬಹುದು. ಗಂಡುಮಗುವಾಗಿ ಹುಟ್ಟಿ, ಹೆಣ್ಣಿನ ಮನಸ್ಸಿನಿಂದ ಬೆಳೆದು, ಅದಕ್ಕಾಗಿ ಹಾಸ್ಯ ತಿರಸ್ಕಾರಗಳನ್ನುಂಡು, ಮನೆಯಿಂದ ಹೊರಗಾಗಿ, ಹಸಿವನ್ನೂ ಕಂಡ ಮಂಜಮ್ಮ ಜೋಗತಿಯವರು ಆ ಊರಿನ ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯವನ್ನು ಕಲಿತರು. ತಲೆಯ ಮೇಲೆ ಕೊಡ ಹೊತ್ತು ಕುಣಿದ ಆ ಕಲಾವಿದೆ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಸ್ವೀಕರಿಸುವ ಮುನ್ನ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದುದನ್ನು ದೇಶವೆಲ್ಲ ನೋಡಿತು. ಜನರ ಕೆಟ್ಟ ದೃಷ್ಟಿಯನ್ನೇ ಉಂಡು ಬೆಳೆದವರು ಇನ್ನೊಬ್ಬರ ದೃಷ್ಟಿ ತೆಗೆಯುವಷ್ಟು ದೊಡ್ಡವರಾದುದು ಸಾಮಾನ್ಯ ಸಾಧನೆಯಲ್ಲ.

ಮಾಡತಕ್ಕ ಕಾರ್ಯಗಳು

ಉಪದೇಶದಿಂದ ಮಾತ್ರವೇ ಆತ್ಮವಿಶ್ವಾಸ ಬರುವುದಿಲ್ಲ. ಕೆಲವು ಕಾರ್ಯಗಳು ಕೈಯಲ್ಲಿಯೇ ಇವೆ.

ಮೊದಲನೆಯದು ನೀರು. ಎಂಟು ವರ್ಷದೊಳಗಿನ ಮಗುವಿಗೆ ಕುಡಿಯಲೂ ಅಡಿಗೆಗೂ ನದಿಯ ನೀರನ್ನೋ, ಶುದ್ಧೀಕರಣ ಘಟಕದ ನೀರನ್ನೋ, ಶುಚಿಯಾಗಿ ಹಿಡಿದ ಮಳೆನೀರನ್ನೋ ಕೊಟ್ಟರೆ ಮುಂದಿನ ಪೀಳಿಗೆಯ ನಗ್ನ ನಗು ಉಳಿಯುತ್ತದೆ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಹಳ್ಳಿಯ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದನ್ನು ದುರಸ್ತಿ ಮಾಡಿಸುವುದು ಇಂದು ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಕಡಿಮೆಯಾದ ದಾನವಲ್ಲ. ಈಗಾಗಲೇ ಕಲೆಯಾದ ಹಲ್ಲುಗಳಿಗೆ ದಂತವೈದ್ಯರಲ್ಲಿ ಉಪಾಯಗಳುಂಟು. ಅದನ್ನು ಬಯಸುವ ಮಗುವನ್ನು ಸೊಗಸಿನ ಹುಚ್ಚೆಂದು ಹೀಯಾಳಿಸಬಾರದು.

ಎರಡನೆಯದು ಆರೋಗ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಈ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೂ ಹುಡುಗರಲ್ಲಿ ಶೇ. 31 ಮಂದಿಗೂ ರಕ್ತಹೀನತೆ ಇದೆ. ತರಗತಿಯಲ್ಲಿ ತಲೆ ಎತ್ತದ ಹುಡುಗಿಯನ್ನು ಅಂಜುಬುರುಕಿ ಎಂದು ಕರೆಯುವ ಮೊದಲು ಆಕೆಯ ರಕ್ತ ಪರೀಕ್ಷೆ ಮಾಡಿಸಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆಯನ್ನು ಬಿಸಾಡದೆ ನುಂಗಬೇಕು. ನುಗ್ಗೆಸೊಪ್ಪು, ಕಾಳು, ನೆಲ್ಲಿಕಾಯಿಗಳು ತಟ್ಟೆಯಲ್ಲಿರಬೇಕು. ಮೊಡವೆಯಂತೂ ಬೆಳೆಯುವ ವಯಸ್ಸಿನ ದೇಹದ ಬದಲಾವಣೆಯಿಂದ ಬರುವುದು; ಹಿಸುಕದಿದ್ದರೆ ಹೆಚ್ಚಿನವು ಗುರುತುಳಿಯದೆ ಮಾಯುತ್ತವೆ.

ಮೂರನೆಯದು ನಾಲಿಗೆ. ಕರಿಯ, ಕುಳ್ಳ, ಹಲ್ಲುಬ್ಬ ಎಂಬ ಅಡ್ಡಹೆಸರುಗಳು ಮನೆಯಲ್ಲಿಯೇ ಹುಟ್ಟಿ ಬೀದಿಗೆ ಹೋಗುತ್ತವೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇರುವೆಯನ್ನು ತುಳಿಯದೆ ನಡೆದು, ಮೊಮ್ಮಗಳ ಮನಸ್ಸನ್ನು ಮಾತಿನಿಂದ ತುಳಿದರೆ ವ್ರತಭಂಗವಾಗದೇ? ವಧು ನೋಡಲು ಹೋದವರು, ಕೆಲಸಕ್ಕೆ ಆಳು ಆರಿಸುವವರು, ಪಾಠ ಹೇಳುವವರು ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಲಿ.

ಯುವಜನರು ಮಾಡಬೇಕಾದುದೂ ಇದೆ. ಶುಭ್ರವಾದ ಬಟ್ಟೆ, ಬಾಚಿದ ತಲೆ, ನೆಟ್ಟಗಿನ ನಿಲುವು ಇವು ಆಡಂಬರವಲ್ಲ. ಎದುರಿನವರಿಗೆ ಸಲ್ಲಿಸುವ ಗೌರವ. ಅಷ್ಟನ್ನು ಮಾಡಿ ಕನ್ನಡಿಯಿಂದ ಸರಿಯಬೇಕು. ದಿನಕ್ಕೊಂದು ಕೌಶಲವನ್ನು ಕೈಗೆ ಹಚ್ಚಿಕೊಳ್ಳಬೇಕು. ಅಂಜಿಕೆಯಾದರೂ ಸಭೆಯಲ್ಲಿ ಎದ್ದು ಒಂದು ಮಾತು ಆಡಬೇಕು. ಅಂಜಿಕೆ ಹೋದ ಮೇಲೆ ಮಾತನಾಡುವೆನೆಂದು ಕಾದವನು ಕಾಯುತ್ತಲೇ ಇರುತ್ತಾನೆ. ಮನಸ್ಸು ತೀರ ಕುಗ್ಗಿ, ಊಟ ನಿದ್ರೆ ತಪ್ಪಿ, ಬದುಕೇ ಬೇಡವೆನಿಸಿದರೆ, ಜ್ವರಕ್ಕೆ ವೈದ್ಯರನ್ನು ಕಾಣುವಂತೆಯೇ ಮನೋವೈದ್ಯರನ್ನು ಕಾಣಬೇಕು. ಅದರಲ್ಲಿ ನಾಚಿಕೆಗೆ ಎಡೆಯಿಲ್ಲ.

ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬಿಳಿಯ ಹೂಗಳು ಲೋಕದಲ್ಲಿ ಎಷ್ಟೋ ಉಂಟು. ಆ ಮಲ್ಲಿಗೆಯನ್ನು ಜನ ಕೇಳಿ ಕೊಳ್ಳುವುದು ಅದರ ಪರಿಮಳಕ್ಕಾಗಿ. ಪರಿಮಳ ಕನ್ನಡಿಯಲ್ಲಿ ಕಾಣುವುದಿಲ್ಲ. ಹತ್ತಿರ ಬಂದವರಿಗೆ ತಿಳಿಯುತ್ತದೆ.

ಈ ಮಂಗಲ ಸಮಾರಂಭ ಮುಗಿದು, ಚಪ್ಪರ ಬಿಚ್ಚಿ, ಜನರೆಲ್ಲ ಊರಿಗೆ ಮರಳುತ್ತಾರೆ. ಬಸದಿಯಲ್ಲಿ ಬಿಂಬ ಉಳಿಯುತ್ತದೆ. ಅದರ ಬಳಿ ಆ ಪುಟ್ಟ ದರ್ಪಣವೂ ಉಳಿಯುತ್ತದೆ. ನಾಳೆ ದರ್ಶನಕ್ಕೆ ಬರುವ ಹುಡುಗನೋ ಹುಡುಗಿಯೋ ಅದರಲ್ಲಿ ತನ್ನ ಮುಖವನ್ನು ಕಂಡರೆ, ಬಾಯಿಗೆ ಕೈ ಅಡ್ಡ ಹಿಡಿಯದೆ ನಗುವಂತಾಗಲಿ. ಹಾಗೆ ನಗಲು ಬಿಡುವ ಕಣ್ಣುಗಳು ಹಿರಿಯರಿಗೆ ದೊರೆಯಲಿ. ಅಷ್ಟಾದರೆ ಈ ಪ್ರತಿಷ್ಠೆ ಶಿಲೆಯಲ್ಲಿ ಆದಂತೆಯೇ ಮನುಷ್ಯರಲ್ಲಿಯೂ ಆಯಿತೆಂದು ತಿಳಿಯಬಹುದು.

ಜೈ ಜಿನೇಂದ್ರ.